ನಿಮ್ಮ ಶಾಸಕರು ಸದನದಲ್ಲಿ ಏನು ಕೇಳಿದರು?

ಹದಿನೆಂಟು ದಾಟಿದ ಹುಡುಗ ಹುಡುಗಿಯರು ಸಿಕ್ಕಾಗ ನಾನು ಕೇಳುವ ಮೊದಲ ಪ್ರಶ್ನೆ, ನಿಮ್ಮ ಕ್ಷೇತ್ರದ ಶಾಸಕರು ಯಾರು ಎಂಬುದು. ಹೆಸರು ಥಟ್ಟನೆ ಬರುತ್ತದೆ. ಪಕ್ಷ ಗೊತ್ತು, ಜಾತಿ ಗೊತ್ತು, ಓಡಾಡುವ ಕಾರು ಗೊತ್ತು, ಮುಂದಿನ ಸಲ ಟಿಕೆಟ್ ಸಿಗುತ್ತದೋ ಇಲ್ಲವೋ ಎಂಬ ಲೆಕ್ಕಾಚಾರವೂ ಗೊತ್ತು. ಸರಿ, ಹೋದ ಅಧಿವೇಶನದಲ್ಲಿ ಅವರು ಸದನದಲ್ಲಿ ಏನು ಕೇಳಿದರು ಎಂದರೆ ಮುಖ ಮುಖ ನೋಡಿಕೊಳ್ಳುತ್ತಾರೆ.

ನಿಮ್ಮನ್ನು ಚುಚ್ಚಲು ಈ ಮಾತು ಎತ್ತಲಿಲ್ಲ, ಮಕ್ಕಳೇ. ನಿಮ್ಮ ಅಪ್ಪ ಅಮ್ಮಂದಿರನ್ನು ಕೇಳಿದರೂ ಇದೇ ಕಥೆ. ನಮ್ಮ ತಲೆಮಾರಿನವರ ಅಭ್ಯಾಸ ಗಂಟುಬಿದ್ದು ಹೋಗಿದೆ, ಬಿಡಿಸುವುದು ಕಷ್ಟ. ನಿಮ್ಮದು ಇನ್ನೂ ಹಾಗಾಗಿಲ್ಲ. ಅದಕ್ಕೇ ನಿಮ್ಮ ಹತ್ತಿರ ಹೇಳುತ್ತಿದ್ದೇನೆ.

ವಿಧಾನಸಭೆಯನ್ನು ನೀವು ನೋಡುವುದು ಮೊಬೈಲಿನಲ್ಲಿ, ಮೂವತ್ತು ಸೆಕೆಂಡಿನ ತುಣುಕುಗಳಲ್ಲಿ. ಒಬ್ಬರು ತೊಡೆ ತಟ್ಟುತ್ತಾರೆ, ಇನ್ನೊಬ್ಬರು ಕಾಗದ ಹರಿದು ಎಸೆಯುತ್ತಾರೆ, ಸಭಾಧ್ಯಕ್ಷರು ‘ಕೂತ್ಕೊಳ್ರೀ, ಕೂತ್ಕೊಳ್ರೀ’ ಎನ್ನುತ್ತಿರುತ್ತಾರೆ. ಹಿನ್ನೆಲೆಗೆ ಯಾವುದೋ ಸಿನಿಮಾ ಹಾಡು. ನಕ್ಕು, ನಾಲ್ಕು ಗುಂಪಿಗೆ ಕಳಿಸಿ ಮುಂದೆ ಹೋಗುತ್ತೀರಿ. ವಾಲಗದ ಸದ್ದು ಕೇಳಿ ಮದುವೆ ಊಟದ ರುಚಿ ಹೇಳಿದ ಹಾಗೆ, ಆ ತುಣುಕು ನೋಡಿ ‘ಇವರೆಲ್ಲ ಇಷ್ಟೇ’ ಎಂದುಬಿಡುತ್ತೀರಿ. 2012ರಲ್ಲಿ ಸದನದೊಳಗಿನ ಮೊಬೈಲ್ ಪ್ರಕರಣದಿಂದ ಮೂವರು ಸಚಿವರು ರಾಜೀನಾಮೆ ಕೊಟ್ಟದ್ದು ಎಲ್ಲರಿಗೂ ನೆನಪಿದೆ. ಇದೇ ಸದನದಿಂದ ಹೊರಬಂದು 1974ರಲ್ಲಿ ಜಾರಿಯಾದ ಕಾನೂನಿನಿಂದ ತಮ್ಮ ಅಜ್ಜನ ಹೆಸರಿಗೆ ಪಹಣಿ ಬಂತು ಎಂಬುದು ಎಷ್ಟು ಮನೆಗಳಲ್ಲಿ ನೆನಪಿದೆ?

ಸ್ವಲ್ಪ ಹಳೆಯದನ್ನು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಐವತ್ತು ವರ್ಷ ತಾವೇ ಆಳಿದ ಮೇಲೆ ಬ್ರಿಟಿಷರು 1881ರ ಮಾರ್ಚ್‌ನಲ್ಲಿ ಮೈಸೂರನ್ನು ಚಾಮರಾಜೇಂದ್ರ ಒಡೆಯರಿಗೆ ಹಿಂದಿರುಗಿಸಿದರು. ಧಾತು, ಈಶ್ವರ ಸಂವತ್ಸರಗಳ ಘೋರ ಬರ ಕಳೆದು ಹೆಚ್ಚು ಕಾಲವಾಗಿರಲಿಲ್ಲ. ಹಳ್ಳಿ ಹಳ್ಳಿಯೇ ಸೊರಗಿತ್ತು. ಅಂಥ ಹೊತ್ತಿನಲ್ಲಿ ದಿವಾನ ಸಿ.ವಿ. ರಂಗಾಚಾರ್ಲು ಅವರ ಮುತುವರ್ಜಿಯಿಂದ ಅದೇ ವರ್ಷದ ಅಕ್ಟೋಬರ್ 7ರಂದು, ದಸರೆಯ ಕಾಲಕ್ಕೆ, ಮೈಸೂರಿನಲ್ಲಿ ಪ್ರಜಾ ಪ್ರತಿನಿಧಿ ಸಭೆ ಕೂಡಿತು. ತಾಲ್ಲೂಕುಗಳಿಂದ ಬಂದ ರೈತರು, ವರ್ತಕರು ಎಲ್ಲ ಸೇರಿ 144 ಮಂದಿ. ಅವರ ಎದುರು ದಿವಾನರು ಎದ್ದು ನಿಂತು ಸರ್ಕಾರದ ಕೆಲಸ ಕಾರ್ಯಗಳ ವರದಿ ಒಪ್ಪಿಸಿದರು. ದಿವಾನರೆಂದರೆ ಆಗಿನ ಕಾಲಕ್ಕೆ ಏನೆಂದು ಊಹಿಸಿಕೊಳ್ಳಿ. ಅಂಥವರು ಪಂಚೆ, ರುಮಾಲಿನ ರೈತನಿಗೆ ವರದಿ ಕೊಡುವುದು ಸಣ್ಣ ಸಂಗತಿಯಾಗಿರಲಿಲ್ಲ.

ಆ ಸಭೆಗೆ ಕಾನೂನು ಮಾಡುವ ಅಧಿಕಾರ ಇರಲಿಲ್ಲ. ಸರ್ಕಾರವನ್ನು ಇಳಿಸುವ ಮಾತಂತೂ ದೂರ. ಇದ್ದದ್ದು ಎದ್ದು ನಿಂತು ಅಹವಾಲು ಹೇಳುವ ಅವಕಾಶ ಮಾತ್ರ. ಅಷ್ಟನ್ನೇ ಅವರು ಬಿಡದೆ ಬಳಸಿದರು. ಕೆರೆ, ಕಂದಾಯ, ಕಾಡಿನ ಕಟ್ಟಳೆ, ಶಾಲೆ ಎಂದು ವರ್ಷ ವರ್ಷವೂ ಕೇಳಿದರು. ಕೇಳುತ್ತ ಕೇಳುತ್ತ ಸಭೆ ಬೆಳೆಯಿತು. 1891ರಲ್ಲಿ ಸದಸ್ಯರನ್ನು ಚುನಾವಣೆಯಿಂದ ಆರಿಸುವ ಪದ್ಧತಿ ಶುರುವಾಯಿತು. 1907ರಲ್ಲಿ ಕಾನೂನು ಮಾಡುವುದಕ್ಕೆಂದು ನ್ಯಾಯ ವಿಧಾಯಕ ಸಭೆ ಬಂತು. 1923ರಲ್ಲಿ ಪ್ರಜಾ ಪ್ರತಿನಿಧಿ ಸಭೆಗೇ ಕಾನೂನಿನ ನೆಲೆ ಸಿಕ್ಕಿತು. ಇದಾವುದನ್ನೂ ಯಾರೂ ಒಂದೇ ಸಲಕ್ಕೆ ತಟ್ಟೆಯಲ್ಲಿಟ್ಟು ಕೊಡಲಿಲ್ಲ.

ಈಗಿನ ಸದನಕ್ಕೆ ಅಧಿಕಾರದ ಕೊರತೆ ಇಲ್ಲ. 224 ಸದಸ್ಯರು, 4 ಲಕ್ಷ ಕೋಟಿ ರೂಪಾಯಿ ದಾಟಿದ ಬಜೆಟ್, ಅದರ ಒಂದೊಂದು ಬೇಡಿಕೆಗೂ ಇವರ ಒಪ್ಪಿಗೆ ಬೇಕು. ಆದರೆ ಕೂರುವುದಕ್ಕೇ ಪುರುಸೊತ್ತಿಲ್ಲ. ವರ್ಷಕ್ಕೆ ಕನಿಷ್ಠ 60 ದಿನ ಅಧಿವೇಶನ ನಡೆಯಬೇಕೆಂದು 2005ರಲ್ಲಿ ನಮ್ಮ ರಾಜ್ಯದಲ್ಲೇ ಒಂದು ಕಾನೂನು ಮಾಡಿಕೊಂಡರು. ಯಾವ ಪಕ್ಷ ಅಧಿಕಾರದಲ್ಲಿದ್ದರೂ ಹೆಚ್ಚಿನ ವರ್ಷಗಳಲ್ಲಿ ಆ ಲೆಕ್ಕ ತುಂಬಿದ್ದಿಲ್ಲ. ತಾವೇ ಮಾಡಿದ ಕಾನೂನನ್ನು ತಾವೇ ಮರೆತರೆ ಕೇಳುವವರು ಯಾರು? ನೀವು ಕೇಳಬೇಕಿತ್ತು, ನಾವು ಕೇಳಬೇಕಿತ್ತು. ಕೇಳಲಿಲ್ಲ.

2025ರ ಮಾರ್ಚ್ 21 ನೆನಪಿದೆಯೇ? ಅಂದು ಗದ್ದಲವೋ ಗದ್ದಲ. ಸದಸ್ಯರು ಬಾವಿಗಿಳಿದರು, ಪೀಠದ ಕಡೆಗೆ ಕಾಗದ ತೂರಿದರು, ವಿರೋಧ ಪಕ್ಷದ 18 ಶಾಸಕರು ಆರು ತಿಂಗಳಿಗೆ ಅಮಾನತಾದರು. ಎರಡು ತಿಂಗಳಲ್ಲಿ ಅದನ್ನು ವಾಪಸ್ ತೆಗೆದುಕೊಂಡರು, ಆ ವಿಚಾರ ಬಿಡಿ. ಆ ದಿನದ ತುಣುಕುಗಳು ನಿಮ್ಮೆಲ್ಲರ ಮೊಬೈಲಿಗೂ ಬಂದಿದ್ದವು. ಅದೇ ಗದ್ದಲದ ನಡುವೆ ಮುಖ್ಯಮಂತ್ರಿ, ಸಚಿವರು, ಶಾಸಕರ ಸಂಬಳ ಹೆಚ್ಚಿಸುವ ಮಸೂದೆಗಳು ಚರ್ಚೆಯಿಲ್ಲದೆ ಅಂಗೀಕಾರವಾದವು. ಆ ತುಣುಕು ಯಾರಿಗೂ ಬರಲಿಲ್ಲ, ಏಕೆಂದರೆ ಅದರಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ‘ಪರವಾಗಿ ಇರುವವರು ಹೌದು ಎನ್ನಿ, ವಿರೋಧವಾಗಿ ಇರುವವರು ಇಲ್ಲ ಎನ್ನಿ’ ಎನ್ನುವುದರೊಳಗೆ ಮುಗಿದುಹೋಗುವ ಕೆಲಸ ಅದು. ಸಂಬಳ ಹೆಚ್ಚಬಾರದು ಎಂದು ನಾನು ಹೇಳುವುದಿಲ್ಲ. ಚೆನ್ನಾಗಿ ಕೆಲಸ ಮಾಡುವವರಿಗೆ ಚೆನ್ನಾಗಿಯೇ ಕೊಡಬೇಕು. ನಿಮಗೆ ಹೇಳುವುದಿಷ್ಟೆ: ಗದ್ದಲ ಕಂಡಾಗ, ಅದರ ಮರೆಯಲ್ಲಿ ಇಂದು ಯಾವ ಮಸೂದೆ ಹೋಯಿತು ಎಂದು ಮರುದಿನದ ಪತ್ರಿಕೆಯ ಒಳಪುಟದಲ್ಲಿ ಹುಡುಕಿ. ಹತ್ತು ನಿಮಿಷದ ಕೆಲಸ.

ಸದನದ ಒಂದು ದಿನ ಹೇಗಿರುತ್ತದೆ ಎಂಬುದನ್ನಾದರೂ ತಿಳಿದಿರಿ. ಬೆಳಿಗ್ಗೆ ಪ್ರಶ್ನೋತ್ತರ ಅವಧಿ. ಶಾಸಕರು ಮುಂಚಿತವಾಗಿ ಬರೆದುಕೊಟ್ಟ ಪ್ರಶ್ನೆಗಳಿಗೆ ಸಚಿವರು ಉತ್ತರ ಕೊಡಬೇಕು. ಚುಕ್ಕೆ ಗುರುತಿನ ಪ್ರಶ್ನೆಗೆ ಬಾಯಿಮಾತಿನ ಉತ್ತರ, ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ್ದಕ್ಕೆ ಬರಹದ ಉತ್ತರ. ಸಪ್ಪೆಯಾಗಿ ಕಾಣುವ ಈ ಹೊತ್ತಿನಷ್ಟು ಬೆಲೆಬಾಳುವುದು ಸದನದಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನಿಮ್ಮ ತಾಲ್ಲೂಕಿನಲ್ಲಿ ಎಷ್ಟು ಶಿಕ್ಷಕರ ಹುದ್ದೆ ಖಾಲಿ ಇದೆ, ಆಸ್ಪತ್ರೆಗೆ ಬಿಡುಗಡೆಯಾದ ಹಣ ಎಷ್ಟು, ಖರ್ಚಾದದ್ದು ಎಷ್ಟು ಎಂದು ನೀವು ಕಚೇರಿಯ ಕಂಬ ಕಂಬ ಸುತ್ತಿದರೂ ಹೇಳದವರು, ಶಾಸಕರು ಒಂದು ಪ್ರಶ್ನೆ ಹಾಕಿದರೆ ಅನುಬಂಧ ಸಮೇತ ಬರೆದುಕೊಡುತ್ತಾರೆ. ತಪ್ಪು ಮಾಹಿತಿ ಕೊಟ್ಟರೆ ಸದನದ ಹಕ್ಕುಚ್ಯುತಿಯ ಭಯ ಇರುತ್ತದೆ. ಅದಾದ ಮೇಲೆ ಶೂನ್ಯವೇಳೆ, ಗಮನ ಸೆಳೆಯುವ ಸೂಚನೆ, ಮಸೂದೆಗಳು. ತುರ್ತು ವಿಷಯ ಬಂದರೆ ನಿಲುವಳಿ ಸೂಚನೆ. ಕಲಾಪ ನಿಯಮ ತಪ್ಪಿತು ಎನಿಸಿದರೆ ಯಾವ ಸದಸ್ಯರೂ ಕ್ರಿಯಾಲೋಪ ಎತ್ತಬಹುದು.

ಊಟದ ನಂತರ ಬೆಂಚುಗಳು ಖಾಲಿಯಾಗುತ್ತವೆ. ಸದನ ನಡೆಯಲು ಹತ್ತರಲ್ಲೊಂದು ಪಾಲು, ಎಂದರೆ 23 ಮಂದಿ ಇದ್ದರೆ ಸಾಕು. ಅಷ್ಟೂ ಇಲ್ಲದೆ ಗಂಟೆ ಬಾರಿಸಿ ಮೊಗಸಾಲೆಯಲ್ಲಿದ್ದವರನ್ನು ಕರೆಸುವ ಪ್ರಸಂಗ ಹೊಸದೇನಲ್ಲ. ಬಜೆಟ್ ಬೇಡಿಕೆಗಳ ಮೇಲಿನ ಚರ್ಚೆ ನಡೆಯುವಾಗ ಹೀಗಾದರೆ ಹೊಟ್ಟೆ ಉರಿಯುತ್ತದೆ.

ನಿಮಗೆ ಕಾಣದ ಇನ್ನೊಂದು ಭಾಗ ಸಮಿತಿಗಳದ್ದು. ಸಚಿವರು ಸದನದಲ್ಲಿ ‘ಕ್ರಮ ಕೈಗೊಳ್ಳುತ್ತೇವೆ’ ಎಂದದ್ದನ್ನೆಲ್ಲ ಪಟ್ಟಿ ಮಾಡಿ, ಕೈಗೊಂಡಿರಾ ಎಂದು ಬೆನ್ನು ಹತ್ತುವ ಭರವಸೆಗಳ ಸಮಿತಿ ಇದೆ. ಮಹಾಲೇಖಪಾಲರ ವರದಿ ಹಿಡಿದು ಅಧಿಕಾರಿಗಳನ್ನು ಎದುರು ಕೂರಿಸಿ ಕೇಳುವ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಇದೆ. ಅದರ ಅಧ್ಯಕ್ಷತೆ ವಿರೋಧ ಪಕ್ಷಕ್ಕೆ ಬಿಡುವುದು ಸಂಪ್ರದಾಯ. ಬೆಂಗಳೂರಿನ ಸುತ್ತಲಿನ ಸರ್ಕಾರಿ ಭೂಮಿ ಒತ್ತುವರಿಯ ಬಗ್ಗೆ ಎ.ಟಿ. ರಾಮಸ್ವಾಮಿ ಅವರ ಅಧ್ಯಕ್ಷತೆಯ ಜಂಟಿ ಸದನ ಸಮಿತಿ 2007ರಲ್ಲಿ ಕೊಟ್ಟ ವರದಿಯನ್ನು ಒಮ್ಮೆ ಓದಿ. ಕೆರೆಗಳ ಒತ್ತುವರಿ ಕುರಿತು ಕೆ.ಬಿ. ಕೋಳಿವಾಡ ಅವರ ಸಮಿತಿ ಮಾಡಿದ ಕೆಲಸವೂ ಇದೆ. ಮಳೆ ಬಂದಾಗ ನಿಮ್ಮ ಬಡಾವಣೆಗೆ ನೀರು ಏಕೆ ನುಗ್ಗುತ್ತದೆ ಎಂಬುದಕ್ಕೆ ಅಲ್ಲಿ ಉತ್ತರ ಸಿಗುತ್ತದೆ. ಇಂಥ ವರದಿಗಳು ಧೂಳು ಹಿಡಿಯುವುದು ಬರೆದವರ ತಪ್ಪಿನಿಂದಲ್ಲ. ಓದಿ ಬೆನ್ನುಹತ್ತುವವರು ಇಲ್ಲದ್ದರಿಂದ.

ಇನ್ನು ಶಾಂತವೇರಿ ಗೋಪಾಲಗೌಡರ ವಿಷಯಕ್ಕೆ ಬರುತ್ತೇನೆ. ಅವರನ್ನು ಬಿಟ್ಟು ನಮ್ಮ ವಿಧಾನಸಭೆಯ ಕಥೆ ಹೇಳಲು ನನಗೆ ಬರುವುದಿಲ್ಲ. 1951ರಲ್ಲಿ ಸಾಗರದ ಹತ್ತಿರದ ಕಾಗೋಡಿನಲ್ಲಿ ಗೇಣಿದಾರರು ಭೂಮಾಲೀಕರ ವಿರುದ್ಧ ಸತ್ಯಾಗ್ರಹಕ್ಕಿಳಿದಾಗ ಅದರ ಮುಂಚೂಣಿಯಲ್ಲಿದ್ದ ಸಮಾಜವಾದಿ ಇವರು. ಮರುವರ್ಷದ ಮೊದಲ ಚುನಾವಣೆಯಲ್ಲಿ ಗೆದ್ದು ಸದನಕ್ಕೆ ಬಂದರು. ಕೈಯಲ್ಲಿ ದುಡ್ಡಿರಲಿಲ್ಲ, ಹಿಂದೆ ದೊಡ್ಡ ಪಕ್ಷವಿರಲಿಲ್ಲ. 1952ರ ಜೂನ್ 18ರಂದು ಈಗ ಹೈಕೋರ್ಟ್ ಇರುವ ಅಠಾರ ಕಚೇರಿಯಲ್ಲಿ ಮೊದಲ ವಿಧಾನಸಭೆ ಕೂಡಿತು. ಚುನಾಯಿತರು 99, ನಾಮಕರಣಗೊಂಡವರು ಒಬ್ಬರು, ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯ. ಸಭಾಧ್ಯಕ್ಷ ಸ್ಥಾನಕ್ಕೆ ಆಡಳಿತ ಪಕ್ಷದ ಎಚ್. ಸಿದ್ದಯ್ಯನವರ ಎದುರು ಗೋಪಾಲಗೌಡರು ನಿಂತರು. ಸೋಲುವುದು ಗೊತ್ತಿತ್ತು. ಸಿದ್ದಯ್ಯನವರು 74 ಮತ ಪಡೆದು ಗೆದ್ದರು. ಆದರೆ ವಿರೋಧ ಎನ್ನುವುದೊಂದು ಈ ಸದನದಲ್ಲಿ ಇದೆ ಎಂಬುದು ಮೊದಲ ದಿನವೇ ದಾಖಲಾಯಿತು.

ಅಲ್ಲಿಂದ ಮುಂದೆ ಗೇಣಿದಾರರ ಪರ, ಕನ್ನಡದ ಪರ, ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರಿನ ಪರ ಅವರು ಮಾತಾಡುತ್ತಲೇ ಇದ್ದರು. ಬಹುಮತ ಅವರ ಕಡೆ ಎಂದೂ ಇರಲಿಲ್ಲ. 1972ರಲ್ಲಿ ತೀರಿಕೊಂಡರು. ಮರುವರ್ಷದ ನವೆಂಬರ್ 1ಕ್ಕೆ ರಾಜ್ಯದ ಹೆಸರು ಕರ್ನಾಟಕವಾಯಿತು. 1974ರ ಮಾರ್ಚ್ 1ರಿಂದ ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂತು. ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿ ಭೂನ್ಯಾಯ ಮಂಡಳಿಯ ಮುಂದೆ ನಿಂತು ತಾವು ಉತ್ತ ನೆಲವನ್ನು ಪಡೆದರು. ಅದೇ ಕಾಗೋಡಿನ ತಿಮ್ಮಪ್ಪನವರು ಮುಂದೆ 2013ರಲ್ಲಿ ಸಭಾಧ್ಯಕ್ಷರ ಪೀಠದಲ್ಲಿ ಕೂತರು. ಸೋಲುವ ಮತಕ್ಕೂ ಎದ್ದು ನಿಂತು ಮಾತಾಡಿದವನ ಮಾತು ಇಪ್ಪತ್ತು ವರ್ಷದ ಮೇಲೆ ಇನ್ನೊಬ್ಬರ ಕೈಯಲ್ಲಿ ಕಾನೂನಾಗಬಹುದು. ಇದನ್ನು ನಿಮಗೆ ಯಾವ ರೀಲ್ಸೂ ಹೇಳುವುದಿಲ್ಲ.

ಈಗಿನ ಗೋಪಾಲಗೌಡರು ಎಲ್ಲಿ ಎಂದು ನೀವು ಕೇಳಬಹುದು. ನಿಮ್ಮ ಊರಿನಲ್ಲೇ ಇದ್ದರೂ ಇರಬಹುದು, ನಾವು ಗೆಲ್ಲಿಸುವುದಿಲ್ಲ. ಕೋಪಿಸಿಕೊಳ್ಳದೆ ಕೇಳಿ. ನಾವು ಶಾಸಕರನ್ನು ಅಳೆಯುವುದು ಹೇಗೆ? ಮದುವೆಗೆ ಬಂದರೇ, ಸಾವಿಗೆ ಬಂದರೇ, ಗೃಹಪ್ರವೇಶಕ್ಕೆ ಬಂದು ಉಂಡು ಹೋದರೇ, ಜಾತ್ರೆಗೆ ಚಂದಾ ಕೊಟ್ಟರೇ, ಮಗನಿಗೆ ಸೀಟು ಕೊಡಿಸಿದರೇ, ವರ್ಗಾವಣೆಗೆ ಒಂದು ಪತ್ರ ಕೊಟ್ಟರೇ. ಇಷ್ಟನ್ನೂ ಮಾಡುವ ಮನುಷ್ಯನಿಗೆ ಮಸೂದೆ ಓದಲು ಹೊತ್ತೆಲ್ಲಿ? ಅಧಿವೇಶನದ ದಿನ ಗ್ರಂಥಾಲಯದಲ್ಲಿ ಕೂತು ಹಳೆಯ ನಡವಳಿ ತಿರುವಿ ಪ್ರಶ್ನೆ ಸಿದ್ಧಮಾಡಿದವರನ್ನು ‘ಊರ ಕಡೆ ತಲೆ ಹಾಕೋದೇ ಇಲ್ಲ’ ಎಂದು ಸೋಲಿಸಿದ್ದೇವೆ. ಶಾಸಕರು ಜಾಣರು. ಯಾವುದಕ್ಕೆ ಓಟು ಬೀಳುತ್ತದೋ ಅದನ್ನೇ ಮಾಡುತ್ತಾರೆ. ಚರಂಡಿ, ಬೀದಿದೀಪ ಪಂಚಾಯಿತಿಯ, ಪುರಸಭೆಯ ಕೆಲಸ. ಅದಕ್ಕೆ ಅಲ್ಲಿನ ಸದಸ್ಯರನ್ನು ಹಿಡಿಯಿರಿ. ಶಾಸಕರ ಮನೆ ಬಾಗಿಲಿಗೆ ಹೋದಾಗ ‘ಅಣ್ಣಾ, ನಮ್ಮ ಕಾಲೇಜಿನ ಖಾಲಿ ಹುದ್ದೆಯ ಬಗ್ಗೆ ಈ ಸಲ ಒಂದು ಪ್ರಶ್ನೆ ಹಾಕಿ, ಉತ್ತರದ ಪ್ರತಿ ನಮಗೂ ಕೊಡಿ’ ಎಂದು ಕೇಳಿ. ಮೊದಲ ಸಲ ನಗುತ್ತಾರೆ. ಹತ್ತು ಹುಡುಗರು ಹತ್ತು ಸಲ ಕೇಳಿದರೆ ಆಪ್ತ ಸಹಾಯಕನನ್ನು ಕರೆದು ಬರೆದುಕೊಳ್ಳಲು ಹೇಳುತ್ತಾರೆ.

ಪಕ್ಷಾಂತರದ ಬಗ್ಗೆಯೂ ಒಂದು ಮಾತು. 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿ ಅವರ ಸರ್ಕಾರವನ್ನು, ಸದನದಲ್ಲಿ ಬಹುಮತ ಸಾಬೀತಿಗೆ ಅವಕಾಶ ಕೊಡದೆ, ವಜಾ ಮಾಡಿದರು. ಅವರು ನ್ಯಾಯಾಲಯಕ್ಕೆ ಹೋದರು. 1994ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಬಹುಮತ ಇದೆಯೋ ಇಲ್ಲವೋ ಎಂಬುದು ತೀರ್ಮಾನವಾಗಬೇಕಾದ್ದು ರಾಜಭವನದಲ್ಲಲ್ಲ, ಸದನದಲ್ಲಿ ಎಂದಿತು. ಇಂದು ದೇಶದ ಯಾವ ಮೂಲೆಯಲ್ಲಿ ವಿಶ್ವಾಸಮತದ ಜಗಳವಾದರೂ ವಕೀಲರ ಬಾಯಲ್ಲಿ ಮೊದಲು ಬರುವುದು ನಮ್ಮ ಹುಬ್ಬಳ್ಳಿಯ ಬೊಮ್ಮಾಯಿಯವರ ಹೆಸರು. ಇಷ್ಟು ದೊಡ್ಡ ತೀರ್ಪನ್ನು ದೇಶಕ್ಕೆ ಕೊಟ್ಟ ರಾಜ್ಯದ ಶಾಸಕರು ವಿಶ್ವಾಸಮತದ ಹಿಂದಿನ ರಾತ್ರಿಗಳನ್ನು ರೆಸಾರ್ಟುಗಳಲ್ಲಿ ಕಳೆಯುವುದನ್ನು ನೋಡಿದ್ದೇವೆ. 2019ರ ಜುಲೈನಲ್ಲಿ 99ಕ್ಕೆ 105 ಮತಗಳಿಂದ ಒಂದು ಸರ್ಕಾರ ಬಿತ್ತು. 17 ಶಾಸಕರನ್ನು ಸಭಾಧ್ಯಕ್ಷರು ಅನರ್ಹಗೊಳಿಸಿದರು. ಅನರ್ಹತೆ ಸರಿ, ಆದರೆ ಉಪಚುನಾವಣೆಗೆ ನಿಲ್ಲಬಹುದು ಎಂದಿತು ಸುಪ್ರೀಂ ಕೋರ್ಟ್. ನಿಂತರು, ಹೆಚ್ಚಿನವರು ಗೆದ್ದೂ ಬಂದರು. ಗೆಲ್ಲಿಸಿದವರು ನಾವು. ಶಾಸಕರು ಮಾರಾಟವಾದರು ಎಂದು ಚಹಾದಂಗಡಿಯಲ್ಲಿ ಬೈಯುವಾಗ ಈ ಕೊನೆಯ ವಾಕ್ಯವನ್ನು ನಾವು ನುಂಗಿಬಿಡುತ್ತೇವೆ.

‘ನನ್ನ ಒಂದು ಓಟಿನಿಂದ ಏನಾಗುತ್ತದೆ’ ಎನ್ನುವ ಹುಡುಗರು ಬೆಂಗಳೂರಿನಲ್ಲಿ ಹೆಚ್ಚು. 2023ರಲ್ಲಿ ರಾಜ್ಯದ ಸರಾಸರಿ ಮತದಾನ ಶೇ. 73 ದಾಟಿದರೆ, ರಾಜಧಾನಿ ಅದಕ್ಕಿಂತ ಬಹಳ ಹಿಂದೆ ನಿಂತಿತು. ಅದೇ ಚುನಾವಣೆಯಲ್ಲಿ ಜಯನಗರದ ಫಲಿತಾಂಶ ನಿರ್ಧಾರವಾದದ್ದು 16 ಮತಗಳಲ್ಲಿ. ಅದಕ್ಕಿಂತ ಮೊದಲು, 2004ರಲ್ಲಿ, ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಒಂದು ಮತ. ಸೋತವರ ಕಾರಿನ ಚಾಲಕನೇ ಅಂದು ಮತ ಹಾಕಿರಲಿಲ್ಲ ಎಂಬ ಮಾತು ಇಂದಿಗೂ ಆ ಕಡೆ ಓಡಾಡುತ್ತದೆ. ಶುಕ್ರವಾರ, ಸೋಮವಾರ ರಜೆ ಸೇರಿಸಿ ಮತದಾನದ ದಿನ ಗೋಕರ್ಣಕ್ಕೋ ಕೂರ್ಗಿಗೋ ಹೋಗುವವರು ಹೋಗುವ ಮುನ್ನ ಇದನ್ನೊಮ್ಮೆ ನೆನೆಯಿರಿ.

ನಿಮ್ಮ ವಯಸ್ಸಿಗೆ ಕಾನೂನು ಕೊಟ್ಟಿರುವ ಬಾಗಿಲುಗಳು ಕಡಿಮೆಯೇನಿಲ್ಲ. ಮತದಾನದ ವಯಸ್ಸು 21 ಇದ್ದದ್ದು 1989ರಲ್ಲಿ 18ಕ್ಕೆ ಇಳಿಯಿತು. ನಾವು ನಿಮ್ಮ ಪ್ರಾಯದಲ್ಲಿ ಕಾಯಬೇಕಿತ್ತು, ನೀವು ಕಾಯಬೇಕಿಲ್ಲ. 21ಕ್ಕೆ ಗ್ರಾಮ ಪಂಚಾಯಿತಿಗೆ ನಿಲ್ಲಬಹುದು, 25ಕ್ಕೆ ವಿಧಾನಸಭೆಗೆ, 30ಕ್ಕೆ ಪರಿಷತ್ತಿಗೆ. ಒಮ್ಮೆಲೇ ವಿಧಾನಸೌಧದ ಕನಸು ಕಾಣುವ ಹುಡುಗರಿಗೆ ನನ್ನ ಸಲಹೆ, ಮೊದಲು ಐದು ವರ್ಷ ಪಂಚಾಯಿತಿಯಲ್ಲಿ ಕೂತು ಒಂದು ಕ್ರಿಯಾಯೋಜನೆ ಹೇಗೆ ತಯಾರಾಗುತ್ತದೆ, ಬಿಲ್ಲು ಎಲ್ಲಿ ನಿಲ್ಲುತ್ತದೆ ಎಂಬುದನ್ನು ನೋಡಿ ಬನ್ನಿ. ಯಾವುದೋ ನಾಯಕರ ಹುಟ್ಟುಹಬ್ಬಕ್ಕೆ ಫ್ಲೆಕ್ಸ್ ಕಟ್ಟಿ, ಪಟಾಕಿ ಹೊಡೆದು ‘ಯುವ ಮುಖಂಡ’ ಎನಿಸಿಕೊಳ್ಳುವ ದಾರಿ ಸುಲಭವಾಗಿ ಕಾಣುತ್ತದೆ. ಆ ದಾರಿಯಲ್ಲಿ ಹೋದ ಎಷ್ಟೋ ಹುಡುಗರು ನಲವತ್ತು ದಾಟಿದರೂ ಇನ್ನೂ ಫ್ಲೆಕ್ಸ್ ಕಟ್ಟುತ್ತಿದ್ದಾರೆ. ದಯವಿಟ್ಟು ಅಲ್ಲಿಂದ ಹಿಂದಿರುಗಿ.

ಚುನಾವಣೆ ಬಂದಾಗ ಅಭ್ಯರ್ಥಿಗಳ ಪ್ರಮಾಣಪತ್ರ ಓದಿ. ಆಸ್ತಿ, ಸಾಲ, ಮೊಕದ್ದಮೆ, ಓದು ಎಲ್ಲ ಅದರಲ್ಲಿರುತ್ತದೆ, ಚುನಾವಣಾ ಆಯೋಗದ ಜಾಲತಾಣದಲ್ಲಿ ಸಿಗುತ್ತದೆ. ಐದು ವರ್ಷದ ಹಿಂದಿನದನ್ನು ಪಕ್ಕದಲ್ಲಿಟ್ಟುಕೊಂಡು ಓದಿದರೆ ಇನ್ನೂ ಸ್ವಾರಸ್ಯ. ಅಧಿವೇಶನ ನಡೆಯುವಾಗ ಬೆಂಗಳೂರಿನಲ್ಲೋ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲೋ ಒಂದು ದಿನ ಪಾಸು ಮಾಡಿಸಿಕೊಂಡು ಪ್ರೇಕ್ಷಕರ ಗ್ಯಾಲರಿಯಲ್ಲಿ ಕೂತು ನೋಡಿ. ಶಾಲೆಯ ಮಕ್ಕಳು ಗ್ಯಾಲರಿಗೆ ಬಂದು ಕೂತರೆ ಕೆಳಗಿನವರ ಮಾತಿನ ಧಾಟಿಯೇ ಸ್ವಲ್ಪ ಬದಲಾಗುತ್ತದೆ. ನೋಡುವವರು ಇದ್ದಾರೆ ಎಂಬ ಅರಿವಿಗೆ ಅಷ್ಟು ಶಕ್ತಿ ಇದೆ.

ಕೊನೆಗೆ, ಪದವಿ ಮುಗಿಸಿದವರು ಬಹುತೇಕ ಮರೆಯುವ ಒಂದು ವಿಷಯ. ನಮ್ಮ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ ಏಳು ಪದವೀಧರರಿಗೆಂದೇ ಇವೆ. ಪದವಿ ಪಡೆದು ಮೂರು ವರ್ಷ ಕಳೆದಿದ್ದರೆ ನೀವೂ ಅಲ್ಲಿ ಮತದಾರರು. ಆದರೆ ವಿಧಾನಸಭೆಯ ಮತದಾರರ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಇಲ್ಲಿ ತಾನಾಗಿ ಸೇರುವುದಿಲ್ಲ, ನಮೂನೆ 18ರಲ್ಲಿ ಬೇರೆಯೇ ಅರ್ಜಿ ಕೊಡಬೇಕು. ಹಿಂದಿನ ಸಲ ಸೇರಿಸಿದ್ದೇನಲ್ಲ ಎಂದು ಸುಮ್ಮನಿರಬೇಡಿ, ಈ ಪಟ್ಟಿಯನ್ನು ಪ್ರತಿ ಚುನಾವಣೆಗೂ ಹೊಸದಾಗಿ ತಯಾರಿಸುತ್ತಾರೆ. ಪ್ರಕಟಣೆ ಪತ್ರಿಕೆಯ ಮೂಲೆಯಲ್ಲಿ ಬಂದಿರುತ್ತದೆ. ಪದವಿ ಪ್ರಮಾಣಪತ್ರದ ದೃಢೀಕರಿಸಿದ ಪ್ರತಿಯೊಂದನ್ನು ಈಗಲೇ ತೆಗೆದಿಟ್ಟುಕೊಳ್ಳಿ, ಪ್ರಕಟಣೆ ಬಂದ ವಾರವೇ ತಾಲ್ಲೂಕು ಕಚೇರಿಗೆ ಹೋಗಿ ಕೊಟ್ಟು ಸ್ವೀಕೃತಿ ಪಡೆದು ಬನ್ನಿ.